ಊಟ ಬಂತು, ಪಾಠ ಬರಲಿಲ್ಲ

ಬಾಣಸವಾಡಿಗೆ ಯಾವ ದಿಕ್ಕಿನಿಂದ ಬಂದರೂ ಮೊದಲು ಕಣ್ಣಿಗೆ ಬೀಳುವುದು ಊಟ-ತಿಂಡಿಯ ಅಂಗಡಿಗಳು. ದರ್ಶಿನಿ, ಬಿರಿಯಾನಿ ಹೋಟೆಲು, ಕೇರಳದ ಮೆಸ್ಸು, ಅಯ್ಯಂಗಾರ್ ಬೇಕರಿ, ಮೊಮೊ ಗಾಡಿ, ಗೋಬಿ ಮಂಚೂರಿಯ ಬಂಡಿ. ಕಮ್ಮನಹಳ್ಳಿ ಮುಖ್ಯರಸ್ತೆಯ ಕಡೆ ನಡೆದರೆ ಇನ್ನೂ ಹತ್ತು ನಾಡಿನ ರುಚಿ ಸಿಗುತ್ತದೆ. ಇಲ್ಲಿನ ಹೈಸ್ಕೂಲು ಮಕ್ಕಳು ಸಂಜೆ ಬೆಲ್ಲು ಹೊಡೆದ ಮೇಲೆ ಇವುಗಳ ನಡುವೆಯೇ ಮನೆಗೆ ಹೋಗುತ್ತಾರೆ. ಸರ್ಕಾರಿ ಶಾಲೆಯ ಮಕ್ಕಳಾದರೆ ಮಧ್ಯಾಹ್ನದ ಬಿಸಿಯೂಟವನ್ನೂ ಶಾಲೆಯಲ್ಲೇ ಉಂಡಿರುತ್ತಾರೆ. ಇಷ್ಟೆಲ್ಲ ಅನ್ನದ ನಡುವೆ ಬೆಳೆಯುವ ಹದಿನಾಲ್ಕು ವರ್ಷದ ಹುಡುಗನಿಗೋ ಹುಡುಗಿಗೋ ಆ ಅನ್ನದ ಬಗ್ಗೆ ಶಾಲೆ ಕಲಿಸುವುದು ಎಷ್ಟು? ವಿಜ್ಞಾನದ ಪುಸ್ತಕದಲ್ಲಿ ಪೋಷಣೆಯ ಕುರಿತು ಕೆಲವು ಪುಟಗಳು, ಪರೀಕ್ಷೆಗೆ ಕೆಲವು ಅಂಕಗಳು. ಕೈಯಲ್ಲಿ ಸೌಟು ಹಿಡಿಯುವ, ಬೇಳೆ ತೂಗಿ ನೋಡುವ, ಹಿಟ್ಟು ಏಕೆ ಹುಳಿಯಿತೆಂದು ಕೇಳುವ ಪಿರಿಯಡ್ ಇಲ್ಲ.

ಇದು ಇವತ್ತಿನ ಮರೆವಲ್ಲ. ಬೆಂಗಳೂರಿನಲ್ಲಿ ಅಡುಗೆಯ ಪಾಠಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ಅದೇ ಕಾಲದಲ್ಲಿ ಆಹಾರ ವಿಜ್ಞಾನದಲ್ಲಿ ದೇಶಕ್ಕೆ ದಾರಿ ತೋರಿದ ಕೆಲಸಗಳೂ ಇಲ್ಲಿ ಮತ್ತು ಮೈಸೂರಿನಲ್ಲಿ ನಡೆದವು. ಆದರೆ ಒಲೆಯನ್ನು ಹೆಣ್ಣುಮಕ್ಕಳಿಗೆ, ಪ್ರಯೋಗಾಲಯವನ್ನು ಗಂಡುಮಕ್ಕಳಿಗೆ ಎಂದು ಮೊದಲೇ ಹಂಚಿಕೊಟ್ಟದ್ದರಿಂದ ಎರಡೂ ಹೈಸ್ಕೂಲಿನಲ್ಲಿ ಎಂದೂ ಒಂದಾಗಲಿಲ್ಲ. ಆ ಹಂಚಿಕೆ ಹೇಗೆ ನಡೆಯಿತು, ಅದರಿಂದ ಏನನ್ನು ಕಳೆದುಕೊಂಡೆವು ಎಂಬುದೇ ಈ ಕಥೆ.

ದಂಡಿನ ಶಾಲೆಗಳು

1809ರಲ್ಲಿ ಬ್ರಿಟಿಷರು ಹಲಸೂರಿನ ಪಕ್ಕದಲ್ಲಿ ದಂಡು ಸ್ಥಾಪಿಸಿದಾಗ ಬಾಣಸವಾಡಿ ಅದರ ಹೊರಗಿನ ರಾಗಿಹೊಲಗಳ ಸೀಮೆಗೆ ಸೇರಿದ ಹಳ್ಳಿ. ದಂಡು ತನ್ನೊಂದಿಗೆ ಬೇರೆಯದೇ ಒಂದು ಅಡುಗೆಯನ್ನು ತಂದಿತು. ರೊಟ್ಟಿಯ ಬೇಕರಿ, ಮಾಂಸದ ಮಾರುಕಟ್ಟೆ, ನಾವು ಇಂದಿಗೂ ಇಂಗ್ಲಿಷ್ ತರಕಾರಿ ಎನ್ನುವ ಎಲೆಕೋಸು, ಹೂಕೋಸು, ಕ್ಯಾರೆಟ್, ಬೀಟ್ರೂಟ್, ನವಿಲುಕೋಸು. ಸುತ್ತಲ ತೋಟಗಳಲ್ಲಿ ಇವನ್ನು ಬೆಳೆದು ದಂಡಿಗೆ ಮಾರುವುದು ಅನೇಕ ರೈತ ಕುಟುಂಬಗಳ ಬದುಕಾಯಿತು. 1933ರಲ್ಲಿ ಶಿವಾಜಿನಗರದಲ್ಲಿ ತೆರೆದ ರಸೆಲ್ ಮಾರುಕಟ್ಟೆ ಆ ವ್ಯಾಪಾರಕ್ಕೆ ಕಟ್ಟಿದ ಕಟ್ಟಡ.

ದಂಡಿನ ಜೊತೆಗೇ ಶಾಲೆಗಳೂ ಬಂದವು. 1865ರಲ್ಲಿ ಬಿಷಪ್ ಕಾಟನ್, 1880ರಲ್ಲಿ ಬಾಲ್ಡ್ವಿನ್, ಅವುಗಳ ನಡುವೆ ಮತ್ತು ನಂತರ ಅನೇಕ ಕಾನ್ವೆಂಟುಗಳು. ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಹೆಣ್ಣುಮಕ್ಕಳಿಗೆಂದು ನಡೆದ ಇಂಥ ಶಾಲೆಗಳಲ್ಲಿ ಹೊಲಿಗೆಯೂ ಮನೆವಾರ್ತೆಯೂ ಶಿಕ್ಷಣದ ಭಾಗವೆಂದು ಎಣಿಸಲಾಗುತ್ತಿತ್ತು. ಇಂಗ್ಲೆಂಡಿನಿಂದ ಬರುತ್ತಿದ್ದ ಕೇಂಬ್ರಿಡ್ಜ್ ಪರೀಕ್ಷೆಗಳಲ್ಲಿ ಹುಡುಗಿಯರಿಗೆ ಡೊಮೆಸ್ಟಿಕ್ ಸೈನ್ಸ್ ಒಂದು ಆಯ್ಕೆಯ ವಿಷಯ. ಲಂಡನ್ನಿನಲ್ಲಿ 1870ರ ದಶಕದಲ್ಲಿ ಅಡುಗೆ ಕಲಿಸುವ ಶಿಕ್ಷಕಿಯರಿಗೆಂದೇ ತರಬೇತಿ ಶಾಲೆ ತೆರೆದಿತ್ತು. ಕಾರ್ಮಿಕರ ಮನೆಗಳಲ್ಲಿ ಹಸಿವು ಮತ್ತು ಕೊಳಕು ಕಡಿಮೆಯಾಗಬೇಕಾದರೆ ಹುಡುಗಿಯರು ಅಡುಗೆ ಕಲಿಯಬೇಕು ಎಂಬುದು ಅಲ್ಲಿನ ವಾದ. ಆ ವಾದವೇ ಹಡಗು ಹತ್ತಿ ದಂಡಿನ ಶಾಲೆಗಳಿಗೂ ಬಂತು.

ಇತ್ತ ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ಮಹಾರಾಣಿ ಹೆಣ್ಣುಮಕ್ಕಳ ಶಾಲೆ ಶುರುವಾದಾಗ, ಹುಡುಗಿಯರನ್ನು ಶಾಲೆಗೆ ಕಳಿಸಲು ಹಿಂಜರಿಯುತ್ತಿದ್ದ ಮನೆಗಳ ಒಪ್ಪಿಗೆ ಪಡೆಯುವುದೇ ದೊಡ್ಡ ಕೆಲಸವಾಗಿತ್ತು. ಓದಿದ ಹುಡುಗಿ ಮನೆಗೆಲಸ ಮರೆಯುವುದಿಲ್ಲ, ಇನ್ನೂ ಅಚ್ಚುಕಟ್ಟಾಗಿ ಮಾಡುತ್ತಾಳೆ ಎಂಬ ಭರವಸೆ ಆ ಕಾಲದ ಹೆಣ್ಣುಮಕ್ಕಳ ಶಿಕ್ಷಣಕ್ಕೆ ಬಾಗಿಲು ತೆರೆದ ಕೀಲಿ. ಅದನ್ನು ಹೀಗಳೆಯುವಂತಿಲ್ಲ, ಆ ಬಾಗಿಲಿನಿಂದಲೇ ಒಂದು ತಲೆಮಾರು ಅಕ್ಷರ ಕಲಿಯಿತು. ಆದರೆ ಆ ಭರವಸೆಯ ಜೊತೆಯಲ್ಲೇ ಅಡುಗೆಯ ಪಾಠ ಹುಡುಗಿಯರದು ಎಂಬ ಗೆರೆಯೂ ಗಟ್ಟಿಯಾಯಿತು.

ಪಾಕಶಾಸ್ತ್ರ ಬರೆದ ಗಂಡಸರು

ಆ ಗೆರೆ ನಮ್ಮ ಪರಂಪರೆಯಿಂದ ಬಂದದ್ದು ಎನ್ನುವವರು ಕನ್ನಡದ ಹಳೆಯ ಪುಸ್ತಕಗಳನ್ನು ತೆರೆದು ನೋಡಬೇಕು. 1025ರ ಸುಮಾರಿನಲ್ಲಿ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಮಳೆ, ಕೃಷಿ, ಗಿಡಗಳ ಚಿಕಿತ್ಸೆಯ ಜೊತೆಗೆ ಅಡುಗೆಗೂ ಒಂದು ಅಧ್ಯಾಯವಿದೆ. ಅದರ ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಅರಮನೆಯ ಭೋಜನವನ್ನು ವಿವರವಾಗಿ ಹೇಳುತ್ತದೆ. 16ನೇ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಮೂರನೇ ಮಂಗರಸ ಅಡುಗೆಗೆಂದೇ ‘ಸೂಪಶಾಸ್ತ್ರ’ ಎಂಬ ಇಡೀ ಗ್ರಂಥ ಬರೆದ. ಕವಿ, ರಾಜ, ಪಾಳೆಯಗಾರ: ಮೂವರೂ ಗಂಡಸರು. ಮೂವರಿಗೂ ಅಡುಗೆ ಬರೆದಿಡಲು ತಕ್ಕ ಶಾಸ್ತ್ರವಾಗಿ ಕಂಡಿತ್ತು.

ಅರಮನೆ, ದೇವಸ್ಥಾನ, ಮಠ, ಮದುವೆ ಚಪ್ಪರ, ಹೋಟೆಲು, ಎಲ್ಲಿ ಅಡುಗೆಗೆ ಕೂಲಿಯೂ ಹೆಸರೂ ಇತ್ತೋ ಅಲ್ಲಿ ನಮ್ಮ ನಾಡಿನಲ್ಲಿ ಹೆಚ್ಚಾಗಿ ಗಂಡಸರೇ ಒಲೆಯ ಮುಂದೆ ನಿಂತರು. ಸಂಬಳವಿಲ್ಲದ ಮನೆಯ ಅಡುಗೆ ಮಾತ್ರ ಹೆಂಗಸರ ಪಾಲಿಗೆ ಉಳಿಯಿತು. ಹೈಸ್ಕೂಲಿನ ಪಠ್ಯ ಎತ್ತಿಕೊಂಡದ್ದು ಈ ಎರಡನೆಯ ಅಡುಗೆಯನ್ನು. ಶಾಸ್ತ್ರವೂ ವೃತ್ತಿಯೂ ಆಗಿದ್ದ ಅಡುಗೆ ಪಠ್ಯದ ಹೊರಗೆ ಉಳಿದು, ಗೃಹಿಣಿಯಾಗುವ ಸಿದ್ಧತೆಯಷ್ಟೇ ಒಳಗೆ ಬಂತು.

ದೂರದ ಅಮೆರಿಕದಲ್ಲಿ ಇದೇ ಕಾಲಕ್ಕೆ ಬೇರೊಂದು ಪ್ರಯತ್ನ ನಡೆದಿತ್ತು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಸೇರಿದ ಮೊದಲ ಮಹಿಳೆ, ರಸಾಯನಶಾಸ್ತ್ರಜ್ಞೆ ಎಲೆನ್ ಸ್ವಾಲೋ ರಿಚರ್ಡ್ಸ್ ಕುಡಿಯುವ ನೀರನ್ನೂ ಅಂಗಡಿಯ ದಿನಸಿಯನ್ನೂ ಪರೀಕ್ಷಿಸಿ ಕಲಬೆರಕೆಯನ್ನು ಬಯಲಿಗೆಳೆದರು. 1890ರ ದಶಕದಲ್ಲಿ ಬಾಸ್ಟನ್ನಿನ ಶಾಲೆಗಳಿಗೆ ಮಧ್ಯಾಹ್ನದ ಊಟ ಒದಗಿಸುವ ಕೆಲಸದಲ್ಲೂ ಅವರ ಕೈಯಿತ್ತು. ಮನೆಯ ಅಡುಗೆಮನೆಯೂ ವಿಜ್ಞಾನದ ಅಂಗಳ ಎಂಬುದು ಅವರ ನಿಲುವು. 1909ರಲ್ಲಿ ಅಮೆರಿಕದ ಗೃಹ ಅರ್ಥಶಾಸ್ತ್ರ ಸಂಘಕ್ಕೆ ಅವರೇ ಮೊದಲ ಅಧ್ಯಕ್ಷೆಯಾದರು. ಭಾರತಕ್ಕೆ ಈ ವಿಚಾರ ಬರುವ ಹೊತ್ತಿಗೆ 1932 ಆಗಿತ್ತು. ಅಖಿಲ ಭಾರತ ಮಹಿಳಾ ಪರಿಷತ್ತಿನ ಪ್ರಯತ್ನದಿಂದ ದಿಲ್ಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ತೆರೆಯಿತು. ಅಲ್ಲಿಂದ ಮುಂದೆ ನಮ್ಮ ದೇಶದಲ್ಲಿ ಇದಕ್ಕೆ ಹೋಂ ಸೈನ್ಸ್ ಎಂಬ ಹೆಸರು ನಿಂತಿತು.

ಟಾಟಾ ಇನ್‌ಸ್ಟಿಟ್ಯೂಟಿನ ಬಾಗಿಲು

ಇದರ ಮರುವರ್ಷ, 1933ರಲ್ಲಿ, ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಮುಂಬೈಯಿಂದ ಇಪ್ಪತ್ತೆರಡರ ಒಬ್ಬ ಯುವತಿ ಬಂದರು. ಕಮಲಾ ಭಾಗವತ್, ಮದುವೆಯ ನಂತರ ಕಮಲಾ ಸೊಹೊನಿ. ಪದವಿಯಲ್ಲಿ ಮೊದಲ ಸ್ಥಾನ ಪಡೆದಿದ್ದರೂ ನಿರ್ದೇಶಕ ಸರ್ ಸಿ.ವಿ. ರಾಮನ್ ಹೆಣ್ಣು ಎಂಬ ಕಾರಣಕ್ಕೆ ಪ್ರವೇಶ ನಿರಾಕರಿಸಿದರು. ಕಮಲಾ ಪಟ್ಟು ಬಿಡಲಿಲ್ಲ. ಕೊನೆಗೆ ಷರತ್ತುಗಳ ಮೇಲೆ ಅವರನ್ನು ಸೇರಿಸಿಕೊಳ್ಳಲಾಯಿತು: ಮೊದಲ ಒಂದು ವರ್ಷ ಅವರು ಪೂರ್ಣ ಪ್ರಮಾಣದ ವಿದ್ಯಾರ್ಥಿಯಲ್ಲ, ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು, ಸಂಸ್ಥೆಯ ಪುರುಷ ಸಂಶೋಧಕರ ಗಮನ ಕೆಡಬಾರದು. ಆ ಅವಮಾನವನ್ನು ಅವರು ಕೊನೆಯವರೆಗೂ ಮರೆಯಲಿಲ್ಲ.

ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಅವರು ಅಧ್ಯಯನಕ್ಕೆ ಎತ್ತಿಕೊಂಡ ವಸ್ತು ಯಾವುದೆಂದರೆ ಹಾಲು, ಬೇಳೆ ಮತ್ತು ಕಾಳುಗಳ ಪ್ರೋಟೀನು. ಬಡವರ ಊಟದಲ್ಲಿ ಮಾಂಸದ ಜಾಗದಲ್ಲಿ ನಿಲ್ಲುವುದು ಬೇಳೆಕಾಳು. ಅದರ ಒಳಗಿರುವುದೇನೆಂದು ತಿಳಿಯುವುದು ಆಗ ದೇಶಕ್ಕೇ ಬೇಕಾದ ವಿದ್ಯೆ. 1936ರಲ್ಲಿ ಎಂ.ಎಸ್ಸಿ. ಮುಗಿಸಿ ಕೇಂಬ್ರಿಡ್ಜ್‌ಗೆ ಹೋದ ಅವರು 1939ರಲ್ಲಿ ಡಾಕ್ಟರೇಟ್ ಪಡೆದರು; ವಿಜ್ಞಾನದಲ್ಲಿ ಪಿಎಚ್‌.ಡಿ. ಪಡೆದ ಮೊದಲ ಭಾರತೀಯ ಮಹಿಳೆಯರ ಸಾಲಿನಲ್ಲಿ ಅವರ ಹೆಸರು ನಿಂತಿತು. ಮರಳಿ ಬಂದು ಕೂನೂರಿನ ಪೋಷಣಾ ಸಂಶೋಧನಾಲಯದಲ್ಲಿ ದುಡಿದರು. 1966ರಲ್ಲಿ ಮುಂಬೈಯಲ್ಲಿ ಭಾರತದ ಗ್ರಾಹಕ ಮಾರ್ಗದರ್ಶನ ಸಂಘ ಹುಟ್ಟಿದಾಗ ಅದನ್ನು ಕಟ್ಟಿದ ಒಂಬತ್ತು ಮಹಿಳೆಯರಲ್ಲಿ ಅವರೂ ಒಬ್ಬರು. ಆಹಾರದ ಕಲಬೆರಕೆಯನ್ನು ಮನೆಯಲ್ಲೇ ಹೇಗೆ ಪತ್ತೆ ಮಾಡಬಹುದೆಂದು ಸಾಮಾನ್ಯರಿಗೆ ತಿಳಿಸಿಕೊಡುವ ಕೆಲಸಕ್ಕೆ ಅವರು ನಂತರದ ವರ್ಷಗಳನ್ನು ಕೊಟ್ಟರು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅದೇ ವರ್ಷಗಳಲ್ಲಿ ದಂಡಿನ ಕಾನ್ವೆಂಟಿನ ಹುಡುಗಿಗೆ ಡೊಮೆಸ್ಟಿಕ್ ಸೈನ್ಸ್ ಪಾಠ ಸಿಗುತ್ತಿತ್ತು, ಆದರೆ ಅದರ ಹಿಂದಿನ ಜೀವರಸಾಯನಶಾಸ್ತ್ರ ಅವಳದಲ್ಲ ಎಂದು ತಿಳಿಯಲಾಗಿತ್ತು. ಆ ಜೀವರಸಾಯನಶಾಸ್ತ್ರ ಬೇಕೆಂದು ಬಂದ ಯುವತಿಗೆ ಅದೇ ಊರಿನ ಇನ್ನೊಂದು ತುದಿಯಲ್ಲಿ ಬಾಗಿಲು ಮುಚ್ಚಿತ್ತು. ಒಲೆಯನ್ನೂ ಪ್ರಯೋಗಾಲಯವನ್ನೂ ಬೇರೆ ಮಾಡಿದ್ದರ ಪರಿಣಾಮ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲೂ ಕಾಣದು.

ಕೂನೂರಿನ ಸಂಶೋಧನಾಲಯದ ಕಥೆಯೂ ಇದಕ್ಕೆ ಸೇರಿದ್ದೇ. ರಾಬರ್ಟ್ ಮೆಕ್ಯಾರಿಸನ್ ಇಲ್ಲಿ ಇಲಿಗಳಿಗೆ ಭಾರತದ ಬೇರೆ ಬೇರೆ ಪ್ರಾಂತಗಳ ಊಟ ಕೊಟ್ಟು ಬೆಳವಣಿಗೆಯನ್ನು ಹೋಲಿಸಿದ್ದರು. ಅವರ ನಂತರ ಬಂದ ಡಬ್ಲ್ಯು.ಆರ್. ಏಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೋಷಕಾಂಶಗಳ ಪಟ್ಟಿಯನ್ನು ಪ್ರಕಟಿಸಿದರು. ಅಕ್ಕಿ, ರಾಗಿ, ಹುರುಳಿ, ನುಗ್ಗೆಸೊಪ್ಪುಗಳ ಲೆಕ್ಕ ಒಂದೇ ಪುಸ್ತಕದಲ್ಲಿ ಸಿಕ್ಕಿತು. ಮುಂದೆ ಹೋಂ ಸೈನ್ಸ್ ಕಲಿಸಿದವರಿಗೆ ಅದೇ ಆಧಾರ ಗ್ರಂಥ. ನಮ್ಮ ಮನೆಗಳಲ್ಲಿ ಕಣ್ಣಳತೆಯಿಂದ ಬಂದ ತಿಳಿವಿಗೆ ಆ ಪಟ್ಟಿ ಅಂಕಿಯ ಆಧಾರ ಕೊಟ್ಟಿತು. ಹಳೆ ಮೈಸೂರಿನ ಬಸ್ಸಾರನ್ನೇ ನೋಡಿ: ಸೊಪ್ಪು, ಕಾಳು ಬೇಯಿಸಿ ಬಸಿದ ನೀರನ್ನು ಚೆಲ್ಲದೆ ಸಾರು ಮಾಡುತ್ತಾರೆ. ನೀರಿನಲ್ಲಿ ಕರಗುವ ಬಿ ಗುಂಪಿನ ಜೀವಸತ್ವಗಳು, ಖನಿಜಗಳು ಹೀಗೆ ಊಟದೊಳಗೇ ಉಳಿಯುತ್ತವೆ. ಇದನ್ನು ಹೈಸ್ಕೂಲಿನಲ್ಲಿ ಹೇಳಿದ್ದರೆ ರಾಗಿಯ ಮನೆಯಿಂದ ಬಂದ ಮಗು ತನ್ನ ಅಜ್ಜಿಯ ಅಡುಗೆಯನ್ನು ಹೆಮ್ಮೆಯಿಂದ ನೋಡುತ್ತಿತ್ತು.

ಚೆಲುವಾಂಬ ವಿಲಾಸದ ಪ್ರಯೋಗಗಳು

1943ರ ಬಂಗಾಳದ ಬರ, ಯುದ್ಧಕಾಲದ ರೇಷನ್, ಸ್ವಾತಂತ್ರ್ಯದ ಹೊತ್ತಿನ ಅಕ್ಕಿಯ ಅಭಾವ ಇವೆಲ್ಲ ಸೇರಿ ಆಹಾರವನ್ನು ರಾಷ್ಟ್ರದ ಮೊದಲ ಪ್ರಶ್ನೆಯಾಗಿಸಿದವು. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಜೀವರಸಾಯನ ವಿಭಾಗದಲ್ಲಿದ್ದ ವಿ. ಸುಬ್ರಹ್ಮಣ್ಯನ್ ಕಡಲೆಕಾಯಿಯಿಂದ ಹಾಲು ತೆಗೆಯುವಂಥ ಪ್ರಯೋಗಗಳಲ್ಲಿ ತೊಡಗಿದ್ದರು. 1950ರ ಅಕ್ಟೋಬರ್ 21ರಂದು ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಉದ್ಘಾಟನೆಯಾದಾಗ ಅದರ ಮೊದಲ ನಿರ್ದೇಶಕರಾದವರು ಅವರೇ. ಸಿ.ಎಫ್‌.ಟಿ.ಆರ್‌.ಐ. ಎಂದೇ ಮನೆಮಾತಾದ ಆ ಸಂಸ್ಥೆ ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟಿಗೆ ಕಡಲೆಹಿಟ್ಟು ಬೆರೆಸಿ ಅಗ್ಗದ ಪ್ರೋಟೀನ್ ಆಹಾರ ಮಾಡಿತು. ಮರಗೆಣಸಿನ ಹಿಟ್ಟಿನಿಂದ ಅಕ್ಕಿಯಾಕಾರದ ಕಾಳು ತಯಾರಿಸಿತು. ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಕಂಡುಹಿಡಿದು ಆನಂದ್‌ನ ಅಮುಲ್‌ಗೆ ಕೊಟ್ಟಿತು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು 1980ರ ದಶಕದ ಒಂದು ಕೆಲಸ. ಎಚ್‌.ಎಸ್‌.ಆರ್‌. ದೇಶಿಕಾಚಾರ್ ಮತ್ತು ಎನ್‌.ಜಿ. ಮಲ್ಲೇಶಿ ಅವರು ಮೊಳಕೆ ಕಟ್ಟಿದ ರಾಗಿ ಮತ್ತು ಹೆಸರುಕಾಳಿನಿಂದ ಎಳೆಯ ಮಕ್ಕಳ ಆಹಾರ ರೂಪಿಸಿದರು. ಅದರ ಹಿಂದಿನ ತತ್ವ ಸರಳ. ಸಾಮಾನ್ಯ ಹಿಟ್ಟನ್ನು ಬೇಯಿಸಿದರೆ ಅದು ನೀರು ಹೀರಿ ಗಟ್ಟಿಯಾಗುತ್ತದೆ. ಮಗು ನುಂಗುವಂತೆ ತೆಳುಮಾಡಲು ಇನ್ನಷ್ಟು ನೀರು ಸುರಿಯಬೇಕು. ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ಕಾಳು ಮೊಳೆತಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಕಡಿಮೆ ನೀರಿನಲ್ಲೇ ತೆಳ್ಳನೆಯ ಗಂಜಿ ಆಗುತ್ತದೆ, ಪ್ರತಿ ಚಮಚದಲ್ಲಿ ಹೆಚ್ಚು ಆಹಾರವಿರುತ್ತದೆ. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿ ಮಗುವಿಗೆ ಸರಿ ಮಾಡುವುದು ನಮ್ಮ ತಾಯಂದಿರಿಗೆ ಮೊದಲೇ ಗೊತ್ತಿತ್ತು. ವಿಜ್ಞಾನ ಅದರ ಕಾರಣ ಹೇಳಿತು. ಎರಡು ಬಟ್ಟಲು ಗಂಜಿ, ಒಂದು ಒಲೆ, ಒಂದು ಪಿರಿಯಡ್ ಇದ್ದರೆ ಎಂಟನೇ ತರಗತಿಯ ಮಕ್ಕಳಿಗೆ ಇದನ್ನು ಕಣ್ಣೆದುರು ಮಾಡಿ ತೋರಿಸಬಹುದು. ಅಷ್ಟು ಸುಲಭದ ಪ್ರಯೋಗ ಮೈಸೂರಿನಿಂದ ನಮ್ಮ ಹೈಸ್ಕೂಲಿನ ಬೆಂಚಿಗೆ ಬಂದು ತಲುಪಲಿಲ್ಲ.

ರಾಗಿಯ ವಿಷಯದಲ್ಲೇ ಇನ್ನೊಂದು ಹೆಸರು ಹೇಳಬೇಕು. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಭಾರತದ ಮತ್ತು ಆಫ್ರಿಕದ ರಾಗಿ ತಳಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರನ್ನು ನಾಡು ರಾಗಿ ಬ್ರಹ್ಮ ಎಂದು ಕರೆದಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಮುದ್ದೆ ಉಣ್ಣುವ ಜಿಲ್ಲೆಗಳ ಮಗುವಿಗೆ ಈ ಎರಡು ಅಂಕಿ ಬಾಯಿಪಾಠ ಆಗಿರಬೇಕಿತ್ತು.

ಏಳು ಶಾಖೆ, ಒಂದು ಹುಡುಗಿಯರಿಗೆ

ಸ್ವಾತಂತ್ರ್ಯದ ನಂತರ ಈ ಹಂಚಿಕೆಯನ್ನು ಸರಿಪಡಿಸುವ ಅವಕಾಶ ಮತ್ತೆ ಮತ್ತೆ ಬಂತು. 1947ರಲ್ಲಿ ದಂಡು ಪ್ರದೇಶ ಮೈಸೂರು ಸಂಸ್ಥಾನದ ಆಡಳಿತಕ್ಕೆ ಮರಳಿತು. 1949ರಲ್ಲಿ ನಗರ ಮತ್ತು ದಂಡು ಒಂದೇ ಪಾಲಿಕೆಯಾದವು. ಹಿಂದಿನ ವರ್ಷ, 1948ರಲ್ಲಿ, ವಸಂತನಗರದಲ್ಲಿ ಮೌಂಟ್ ಕಾರ್ಮೆಲ್ ಕಾಲೇಜು ತೆರೆದಿತ್ತು. ಹೋಂ ಸೈನ್ಸ್‌ಗೆ ಅದು ಹೆಸರಾಯಿತು. ಶೇಷಾದ್ರಿ ರಸ್ತೆಯ ವಿ.ಎಚ್‌.ಡಿ. ಗೃಹವಿಜ್ಞಾನ ಕಾಲೇಜು ಸರ್ಕಾರದ ಕಡೆಯಿಂದ ಅದೇ ದಾರಿ ಹಿಡಿಯಿತು. ಈ ಕಾಲೇಜುಗಳಿಂದ ಹೊರಬಂದ ಹೆಣ್ಣುಮಕ್ಕಳು ಆಸ್ಪತ್ರೆಗಳಲ್ಲಿ ಪಥ್ಯಾಹಾರ ತಜ್ಞರಾದರು, ಅಧ್ಯಾಪಕಿಯರಾದರು, ಸಂಶೋಧಕಿಯರಾದರು. ಹೋಂ ಸೈನ್ಸ್ ಕಾಲೇಜಿನ ಮಟ್ಟದಲ್ಲಿ ನಿಜವಾದ ವಿಜ್ಞಾನವಾಗಿ ಬೆಳೆದದ್ದು ಅವರ ದುಡಿಮೆಯಿಂದ.

ಹೈಸ್ಕೂಲಿನ ಕಥೆ ಬೇರೆ. ಮದರಾಸಿನ ಪ್ರಸೂತಿ ವೈದ್ಯ ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗ 1953ರ ವರದಿಯಲ್ಲಿ ಬಹೂದ್ದೇಶ ಶಾಲೆಗಳ ಕಲ್ಪನೆ ಕೊಟ್ಟಿತು. ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ ಎಂಬ ಏಳು ಶಾಖೆಗಳು. ತಾಯಿ ಮಗುವಿನ ಸಾವನ್ನು ಕಣ್ಣಾರೆ ಕಂಡಿದ್ದ ವೈದ್ಯರು ಪೋಷಣೆಯ ವಿದ್ಯೆಗೆ ಹೈಸ್ಕೂಲಿನಲ್ಲಿ ಜಾಗ ಬೇಕೆಂದದ್ದು ಸಹಜ. ಆದರೆ ಆಯೋಗ ಗೃಹವಿಜ್ಞಾನದ ಸೌಲಭ್ಯ ಕೇಳಿದ್ದು ಹೆಣ್ಣುಮಕ್ಕಳಿಗಾಗಿ. 1960ರ ದಶಕದ ಆರಂಭದಲ್ಲಿ ಹಂಸಾ ಮೆಹ್ತಾ ಸಮಿತಿ ಇದನ್ನು ನೇರವಾಗಿ ಪ್ರಶ್ನಿಸಿತು: ಪ್ರಜಾಪ್ರಭುತ್ವದ ಶಾಲೆಯಲ್ಲಿ ಗಂಡು-ಹೆಣ್ಣು ಎಂದು ಪಠ್ಯ ಬೇರೆ ಮಾಡುವುದು ಸಲ್ಲದು. ಅದನ್ನು ಅನುಮೋದಿಸಿದ ಕೊಠಾರಿ ಆಯೋಗ (1964–66) ಗೃಹವಿಜ್ಞಾನ ಹುಡುಗಿಯರಿಗೆ ಕಡ್ಡಾಯವಾಗಬಾರದು, ಐಚ್ಛಿಕವಾಗಿರಲಿ ಎಂದಿತು.

ನ್ಯಾಯದ ಮಾತು ಅದು. ಆದರೆ ಜಾರಿಗೆ ಬರುವಾಗ ಅರ್ಧ ಮಾತ್ರ ಬಂತು. ಹುಡುಗಿಯರ ಮೇಲಿದ್ದ ಕಡ್ಡಾಯ ಹೋಯಿತು. ಹುಡುಗರಿಗೆ ಅಡುಗೆ ಕಲಿಸುವ ಕೆಲಸ ಶುರುವಾಗಲಿಲ್ಲ. ಗಣಿತ, ವಿಜ್ಞಾನಗಳ ಪೈಪೋಟಿಯಲ್ಲಿ ಗೃಹವಿಜ್ಞಾನ ದಡ್ಡ ಹುಡುಗಿಯರ ವಿಷಯ ಎಂಬ ತಪ್ಪು ಹೆಸರು ಹೊತ್ತು ಹಿಂದೆ ಸರಿಯಿತು. ಇಂದು ಕರ್ನಾಟಕದ ಪಿಯುಸಿಯಲ್ಲಿ ಅದೊಂದು ಐಚ್ಛಿಕ ವಿಷಯವಾಗಿ ಉಳಿದಿದೆ. ಕೇಂಬ್ರಿಡ್ಜ್ ಪರೀಕ್ಷೆಯ ವಾರಸುದಾರನಾಗಿ 1958ರಲ್ಲಿ ಹುಟ್ಟಿದ ಐಸಿಎಸ್‌ಇ ಮಂಡಳಿಯ ಪಟ್ಟಿಯಲ್ಲಿ ಹೋಂ ಸೈನ್ಸ್ ಜೊತೆಗೆ ಕುಕರಿ ಎಂಬ ವಿಷಯವೂ ಇದೆ. ದಂಡಿನ ಹಳೆಯ ಪಾಠದ ಕೊನೆಯ ಎಳೆ ಅದು. ಅದನ್ನು ಆರಿಸಿಕೊಳ್ಳಲು ಶುಲ್ಕ ತೆಗೆದುಕೊಳ್ಳುವ ಶಾಲೆಯಲ್ಲಿ ಓದುತ್ತಿರಬೇಕು.

ಉಪ್ಪಿಟ್ಟಿನಿಂದ ಅಕ್ಷರ ದಾಸೋಹಕ್ಕೆ

ಪಾಠ ಹಿಂದೆ ಸರಿಯುತ್ತಿದ್ದ ಅದೇ ದಶಕಗಳಲ್ಲಿ ಊಟ ಶಾಲೆಯೊಳಗೆ ಬರತೊಡಗಿತು. 1960–70ರ ದಶಕಗಳಲ್ಲಿ ಮೈಸೂರು ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಓದಿದವರಿಗೆ ಕೇರ್ ಸಂಸ್ಥೆಯ ಗೋಧಿ ರವೆಯ ಉಪ್ಪಿಟ್ಟು, ಹಾಲಿನ ಪುಡಿ ಕದಡಿದ ಹಾಲು ನೆನಪಿರುತ್ತದೆ. 2000ದ ಜೂನ್‌ನಲ್ಲಿ ಅಕ್ಷಯ ಪಾತ್ರ ಸಂಸ್ಥೆ ಬೆಂಗಳೂರಿನ ಐದು ಸರ್ಕಾರಿ ಶಾಲೆಗಳ 1,500 ಮಕ್ಕಳಿಗೆ ಊಟ ಕೊಡಲು ಶುರುಮಾಡಿತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಆದೇಶಿಸಿತು. 2002ರಲ್ಲಿ ರಾಜ್ಯದ ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭವಾದ ಬಿಸಿಯೂಟ ಯೋಜನೆ ಅಕ್ಷರ ದಾಸೋಹ ವರ್ಷದಿಂದ ವರ್ಷಕ್ಕೆ ಹಿಗ್ಗಿ, 2007–08ರಲ್ಲಿ ಎಂಟರಿಂದ ಹತ್ತನೇ ತರಗತಿಯವರೆಗೂ ಬಂತು. ಕೇಂದ್ರದ ಯೋಜನೆ ಎಂಟನೇ ತರಗತಿಗೆ ನಿಲ್ಲುತ್ತದೆ. ಒಂಬತ್ತು, ಹತ್ತರ ಮಕ್ಕಳ ಊಟದ ಖರ್ಚನ್ನು ಕರ್ನಾಟಕ ತಾನೇ ಹೊತ್ತಿತು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲು, ಆಮೇಲೆ ಮೊಟ್ಟೆ, 2024ರಿಂದ ಹಾಲಿನೊಂದಿಗೆ ರಾಗಿ ಮಾಲ್ಟ್. ಇದು ಸಣ್ಣ ಸಾಧನೆಯಲ್ಲ. ಹಸಿದ ಮಗು ಕಲಿಯಲಾರದು ಎಂಬ ಸತ್ಯವನ್ನು ಒಂದು ಸರ್ಕಾರ ಅನ್ನದ ರೂಪದಲ್ಲಿ ಒಪ್ಪಿಕೊಂಡ ಬಗೆ ಅದು.

ಹಳ್ಳಿಯ ಶಾಲೆಯಲ್ಲಿ ಬಿಸಿಯೂಟದ ಅಕ್ಕಂದಿರು ಅಲ್ಲೇ ಒಲೆ ಹೊತ್ತಿಸುತ್ತಾರೆ. ಬೆಂಗಳೂರಿನ ಹಲವು ಸರ್ಕಾರಿ ಶಾಲೆಗಳಿಗೆ ಕೇಂದ್ರೀಕೃತ ಅಡುಗೆಮನೆಯಿಂದ ಮುಚ್ಚಿದ ಡಬ್ಬಿಗಳಲ್ಲಿ ವ್ಯಾನು ಹತ್ತಿ ಊಟ ಬರುತ್ತದೆ. ಎರಡೂ ಕಡೆ ಪಾಠದ ಸಾಮಗ್ರಿ ದಿನವೂ ಕಣ್ಣೆದುರಿಗಿದೆ. ಹಿರಿಯ ಪ್ರಾಥಮಿಕ ಮಗುವಿಗೆ ನಿಗದಿಯಾದ ಅಳತೆ 150 ಗ್ರಾಂ ಅಕ್ಕಿ ಅಥವಾ ಗೋಧಿ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, 7.5 ಗ್ರಾಂ ಎಣ್ಣೆ. ಸಿಗಬೇಕಾದದ್ದು 700 ಕ್ಯಾಲೊರಿ, 20 ಗ್ರಾಂ ಪ್ರೋಟೀನು. ಈ ಲೆಕ್ಕವನ್ನು ಮಕ್ಕಳೇ ಮಾಡಲಿ. 150 ಗ್ರಾಂ ಅಕ್ಕಿಯಿಂದ ಸುಮಾರು 520 ಕ್ಯಾಲೊರಿ, ಬೇಳೆಯಿಂದ ಸುಮಾರು 100, ಎಣ್ಣೆಯಿಂದ ಸುಮಾರು 67, ತರಕಾರಿಯಿಂದ ಅಲ್ಪಸ್ವಲ್ಪ. ಶಕ್ತಿಯ ಮುಕ್ಕಾಲು ಪಾಲು ಅಕ್ಕಿಯಿಂದಲೇ ಬಂತೆಂದು ಒಂಬತ್ತನೇ ತರಗತಿಯ ಹುಡುಗ ಲೆಕ್ಕ ಹಾಕಿ ಕಂಡುಕೊಂಡರೆ, ತಟ್ಟೆಯ ಅಂಚಿಗೆ ತಳ್ಳಿದ ಬೇಳೆಯನ್ನೂ ಒಂದು ಮೊಟ್ಟೆಯಲ್ಲಿರುವ ಆರು ಗ್ರಾಂ ಪ್ರೋಟೀನನ್ನೂ ಬೇರೆ ಕಣ್ಣಿನಿಂದ ನೋಡುತ್ತಾನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಕಬ್ಬಿಣದ ಅಂಶ ದೇಹಕ್ಕೆ ಹೆಚ್ಚು ಹತ್ತುತ್ತದೆ, ಊಟದ ಬೆನ್ನಿಗೇ ಟೀ ಕುಡಿದರೆ ಅದು ತಗ್ಗುತ್ತದೆ ಎಂಬ ಎರಡು ಮಾತು ಆ ಅರ್ಧಕ್ಕೆ ಬೇಕು. ಅವರೊಂದಿಗೆ ಉಣ್ಣುವ ಗಂಡಸರಿಗೂ ಬೇಕು.

ಇನ್ನೊಂದು ಪಾಠವೂ ಈ ಊಟದೊಳಗಿದೆ. ದಲಿತ ಹೆಂಗಸರು ಬೇಯಿಸಿದರೆಂದು ಬಿಸಿಯೂಟ ನಿರಾಕರಿಸಿದ ಪ್ರಕರಣಗಳು ನಮ್ಮ ರಾಜ್ಯದಲ್ಲೇ ವರದಿಯಾಗಿವೆ. ಯಾರು ಬೇಯಿಸಬೇಕು, ಯಾರು ಪಕ್ಕದಲ್ಲಿ ಕೂರಬೇಕು ಎಂಬ ಹಳೆಯ ಕಟ್ಟು ಮುರಿಯಲು ಒಟ್ಟಿಗೆ ಅಡುಗೆ ಮಾಡಿ ಒಟ್ಟಿಗೆ ಉಣ್ಣುವ ತರಗತಿಗಿಂತ ಒಳ್ಳೆಯ ಜಾಗ ಇನ್ನಾವುದಿದೆ? ಗಾಂಧೀಜಿಯವರ ನಯೀ ತಾಲೀಮಿನ ಸೇವಾಗ್ರಾಮದ ಶಾಲೆಯಲ್ಲಿ ಅಡುಗೆಮನೆಯ ಕೆಲಸವನ್ನು ಕಲಿಕೆಯ ನಡುವೆ ಇಟ್ಟದ್ದು ಈ ಅರಿವಿನಿಂದಲೇ.

ಗೋಬಿ ಬಂಡಿಯ ರಸಾಯನಶಾಸ್ತ್ರ

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು. 25 ಬಾಂಬೆ ಮಿಠಾಯಿ ಮಾದರಿಗಳಲ್ಲಿ 15. ಸಿಕ್ಕ ಬಣ್ಣಗಳಲ್ಲಿ ರೋಡಮಿನ್-ಬಿಯೂ ಇತ್ತು. ಬಟ್ಟೆ, ಕಾಗದಕ್ಕೆ ಹಾಕುವ ಬಣ್ಣ ಅದು, ಆಹಾರಕ್ಕೆ ಎಂದೂ ಅನುಮತಿಯಿಲ್ಲ. 2020ರ ನಿಯಮದ ಪ್ರಕಾರ ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಅತಿ ಕೊಬ್ಬು, ಉಪ್ಪು, ಸಕ್ಕರೆಯ ತಿನಿಸು ಮಾರುವಂತಿಲ್ಲ. 51ನೇ ಮೀಟರಿನಿಂದಾಚೆಗೆ ಮಗುವನ್ನು ಕಾಯುವುದು ಅದರ ತಿಳಿವಳಿಕೆಯೊಂದೇ.

ಆ ತಿಳಿವಳಿಕೆಗೆ ದೊಡ್ಡ ಖರ್ಚು ಬೇಕಿಲ್ಲ. ಹೈಸ್ಕೂಲಿನ ರಸಾಯನಶಾಸ್ತ್ರದ ಕಪಾಟಿನಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲದ ಕೆಲವು ಹನಿ ಸಾಕು, ಬೇಳೆಗೆ ಬಳಿದ ಮೆಟಾನಿಲ್ ಹಳದಿ ನಸುಗೆಂಪಿಗೆ ತಿರುಗಿ ಸಿಕ್ಕಿಬೀಳುತ್ತದೆ. ಹಾಲಿಗೆ ಪಿಷ್ಟ ಬೆರೆಸಿದ್ದರೆ ಅಯೋಡಿನ್ ಹಾಕಿದಾಗ ನೀಲಿಯಾಗುತ್ತದೆ. ದೋಸೆ ಹಿಟ್ಟು ಉಬ್ಬುವುದರ ಹಿಂದೆ ಬ್ಯಾಕ್ಟೀರಿಯಾ ಇದೆ, ಉಪ್ಪಿನಕಾಯಿ ಕೆಡದಿರುವುದರ ಹಿಂದೆ ಉಪ್ಪು ಮತ್ತು ಹುಳಿ ಇದೆ, ಪ್ಯಾಕೆಟ್ಟಿನ ಹಿಂಬದಿಯ ಸಣ್ಣಕ್ಷರದಲ್ಲಿ ಸಕ್ಕರೆಯ ಲೆಕ್ಕವಿದೆ. ಕಮಲಾ ಸೊಹೊನಿ ದೊಡ್ಡವರಿಗೆ ಹೇಳಿಕೊಟ್ಟದ್ದನ್ನು ಬಾಣಸವಾಡಿಯ ಹೈಸ್ಕೂಲು ತನ್ನ ಮಕ್ಕಳಿಗೆ ಹೇಳಿಕೊಡಲು ಈಗ ಇರುವ ಪ್ರಯೋಗಾಲಯವೇ ಸಾಕು.

ಬೇರೆಯವರು ಇದನ್ನು ಮಾಡಿದ್ದಾರೆ. ಜಪಾನಿನಲ್ಲೂ ಒಂದು ಕಾಲಕ್ಕೆ ಗೃಹಶಿಕ್ಷಣ ಹುಡುಗಿಯರದಾಗಿತ್ತು. ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಯ ಒಪ್ಪಂದವನ್ನು 1985ರಲ್ಲಿ ಅನುಮೋದಿಸಿದ ಮೇಲೆ ಆ ದೇಶ ಪಠ್ಯವನ್ನೇ ತಿದ್ದಿ, 1993ರಲ್ಲಿ ಮಾಧ್ಯಮಿಕ ಶಾಲೆಯಲ್ಲೂ 1994ರಲ್ಲಿ ಪ್ರೌಢಶಾಲೆಯಲ್ಲೂ ಅದನ್ನು ಹುಡುಗ-ಹುಡುಗಿಯರಿಬ್ಬರಿಗೂ ಕಡ್ಡಾಯ ಮಾಡಿತು. ಅಡುಗೆಯ ಪಾಠವನ್ನು ನಮಗೆ ಕಳಿಸಿದ ಇಂಗ್ಲೆಂಡು ಕೂಡ 2014ರಿಂದ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳ ಪಠ್ಯದಲ್ಲಿ ಅಡುಗೆ ಮತ್ತು ಪೋಷಣೆಯನ್ನು ಸೇರಿಸಿದೆ. ಹಂಸಾ ಮೆಹ್ತಾ ಸಮಿತಿ ಜಪಾನಿಗಿಂತ ಮೂವತ್ತು ವರ್ಷ ಮೊದಲೇ ನಮ್ಮ ಮುಂದಿಟ್ಟ ತತ್ವ ಇದೇ ಆಗಿತ್ತು.

ಹಾಗಾಗಿ ನಾವು ಹೊಸದಾಗಿ ಕಂಡುಹಿಡಿಯಬೇಕಾದದ್ದು ಏನೂ ಇಲ್ಲ, ಬೇರೆ ಬೇರೆಯಾಗಿ ಇಟ್ಟದ್ದನ್ನು ಕೂಡಿಸಬೇಕಾಗಿದೆ. ಊಟ ಈಗಾಗಲೇ ಶಾಲೆಯಲ್ಲಿದೆ. ಹೋಂ ಸೈನ್ಸ್ ಓದಿದ ಹೆಣ್ಣುಮಕ್ಕಳು ಕೆಲಸಕ್ಕಾಗಿ ಕಾದಿದ್ದಾರೆ. ಬಿಸಿಯೂಟದ ಅಕ್ಕಂದಿರ ಕೈಯಲ್ಲಿ ನೂರು ಮಕ್ಕಳಿಗೆ ಹದವಾಗಿ ಬೇಯಿಸುವ ವಿದ್ಯೆಯಿದೆ, ಮೈಸೂರಿನಲ್ಲಿ ಎಪ್ಪತ್ತು ವರ್ಷಕ್ಕೂ ಹೆಚ್ಚಿನ ಸಂಶೋಧನೆಯಿದೆ. ವಾರಕ್ಕೆ ಎರಡು ಪಿರಿಯಡ್, ಎಂಟರಿಂದ ಹತ್ತನೇ ತರಗತಿಯವರೆಗೆ, ಹುಡುಗ-ಹುಡುಗಿ ಎಂಬ ಭೇದವಿಲ್ಲದೆ, ಅಂದಿನ ಬಿಸಿಯೂಟವನ್ನೇ ಪಠ್ಯವಾಗಿಟ್ಟುಕೊಂಡು ಕಲಿಸಲಿ. ಅಕ್ಕಂದಿರನ್ನು ಅಲ್ಲಿ ಶಿಕ್ಷಕಿಯರೆಂದು ಗೌರವದಿಂದ ಕರೆಯಲಿ, ಅದಕ್ಕೆ ತಕ್ಕ ಸಂಬಳವನ್ನೂ ಕೊಡಲಿ. ಒಂಬತ್ತು, ಹತ್ತನೇ ತರಗತಿಗೆ ಊಟ ಕೊಡಲು ಕೇಂದ್ರದ ಹಣಕ್ಕೆ ಕಾಯದ ರಾಜ್ಯ, ಆ ಊಟದ ಪಾಠ ಕಲಿಸಲು ಯಾರಿಗೂ ಕಾಯಬೇಕಾಗಿಲ್ಲ.